ಹಳೇದು ಮುಂದೆ, ಹೊಸದು ಹಿಂದೆ

ಹಳೇದಕ್ಕನ ಮನೆಯಲ್ಲಿ ಬಿಸಿ ಬ್ರೆಡ್ಡು ತಿಂದ ನರಮನುಷ್ಯ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಇದು ಬೀದಿಯವರ ಮಾತು. ಬೀದಿಯವರು ಸುಳ್ಳು ಹೇಳುವುದುಂಟು, ಆದರೆ ಬ್ರೆಡ್ಡಿನ ವಿಷಯದಲ್ಲಿ ಅಲ್ಲ. ಬೇಕರಿ ಇರುವುದು ಅವಳ ಮನೆಯ ಎದುರಿಗೇ. ಬೆಳಿಗ್ಗೆ ಅದರ ಒಲೆಯ ಬಾಗಿಲು ತೆರೆದರೆ ಆ ಪರಿಮಳಕ್ಕೆ ಮಲಗಿದ್ದ ನಾಯಿ ಎದ್ದು ಕೂರುತ್ತದೆ, ಮುನಿಸಿಕೊಂಡ ಗಂಡಹೆಂಡಿರು ರಾಜಿಯಾಗುತ್ತಾರೆ. ಆ ಬಿಸಿ ಬ್ರೆಡ್ಡು ಬೀದಿ ದಾಟಿ ಹಳೇದಕ್ಕನ ಅಡುಗೆಮನೆಗೂ ಬರುತ್ತದೆ. ಬಂದು, ಡಬ್ಬಿಯಲ್ಲಿ ನಿನ್ನೆಯ ಬ್ರೆಡ್ಡಿನ ಹಿಂದೆ ಕೈಕಟ್ಟಿ ಕೂರುತ್ತದೆ. ನಿನ್ನೆಯದು ಮುಗಿಯದೆ ಇವತ್ತಿನದಕ್ಕೆ ಚಾಕು ತಾಗಿಸುವಂತಿಲ್ಲ. ನಿನ್ನೆಯದು ಮುಗಿಯುವಷ್ಟರಲ್ಲಿ ಇವತ್ತಿನದು ನಿನ್ನೆಯದಾಗಿರುತ್ತದೆ. ಊರೆಲ್ಲ ಇವತ್ತಿನಲ್ಲಿ ಬದುಕುತ್ತಿದ್ದರೆ ಆ ಮನೆಯವರು ಮದುವೆಯಾದಾಗಿನಿಂದ ನಿನ್ನೆಯಲ್ಲೇ ಬದುಕಿದ್ದಾರೆ.

ಸೋಪಿಗೂ ಅದೇ ಕಾನೂನು, ಬೆಂಕಿಪೊಟ್ಟಣಕ್ಕೂ ಅದೇ ಕಾನೂನು. ನೆಂಟರು ತಂದ ಬಿಸ್ಕತ್ತು ಅದೇ ನೆಂಟರಿಗೆ ಮುಂದಿನ ಸಲ ಸಿಗುತ್ತದೆ, ಏಕೆಂದರೆ ಅದಕ್ಕೂ ಹಿಂದಿನ ನೆಂಟರ ಬಿಸ್ಕತ್ತು ಈಗಷ್ಟೇ ತಟ್ಟೆಗೆ ಬಂದಿರುತ್ತದೆ. ಒಮ್ಮೆ ಕಳ್ಳನೊಬ್ಬ ನುಗ್ಗಿ ಟವಲಿನ ಕಪಾಟಿಗೆ ಕೈ ಹಾಕಿದನಂತೆ. ಅಕ್ಕ ಹಾಸಿಗೆಯಿಂದಲೇ, "ಲೋ, ಮುಂದಿಂದ ತಗೊಳ್ಳೋ, ಹಿಂದಿರೋದು ಹೊಸದು" ಎಂದಳಂತೆ. ಕಳ್ಳ ನಾಚಿಕೊಂಡು ಬಂದ ದಾರಿಯಲ್ಲೇ ಹೋದನಂತೆ. ಇದಕ್ಕೆ ಮಾತ್ರ ಸಾಕ್ಷಿಯಿಲ್ಲ. ಸಾಕ್ಷಿಯಾಗಬೇಕಿದ್ದ ಗಂಡ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದ.

ಆ ಗಂಡನಿಗೆ ಊರಿಟ್ಟ ಹೆಸರು ಹಣ್ಣಿನಣ್ಣ. ಕೆಳಗಿನ ಬೀದಿಯಲ್ಲಿ ಅವನ ಹಣ್ಣಿನಂಗಡಿ. ಈ ಲೋಕದಲ್ಲಿ ಅವನಿಗೆ ಗೊತ್ತಿದ್ದ ವಿದ್ಯೆ ಒಂದೇ, ಆದರೆ ಅದರಲ್ಲಿ ಅವನು ಚಕ್ರವರ್ತಿ. ಮುಂದೆ ನಗುವ ಹಣ್ಣು, ಹಿಂದೆ ನರಳುವ ಹಣ್ಣು. ಸೇಬನ್ನು ಬಟ್ಟೆಯಿಂದ ಒರೆಸಿ, ಕೆಂಪು ಕೆನ್ನೆ ಬೀದಿಗೆ ಕಾಣುವಂತೆ ತಿರುಗಿಸಿ, ಕಿತ್ತಳೆಯ ಗೋಪುರ ಕಟ್ಟಿ, ನೆತ್ತಿಯ ಮೇಲೆ ಒಂದು ಎಲೆಯಿರುವ ಹಣ್ಣನ್ನು ಕಳಶದಂತೆ ಕೂರಿಸಿದನೆಂದರೆ, ಔಷಧಿ ತರಲು ಹೊರಟವರೂ ಹಣ್ಣು ಕೊಂಡು ಮನೆಗೆ ಹೋಗುತ್ತಿದ್ದರು. ಮುಂದೆ ಹೊಸದಿಡುವ ಗಂಡ, ಮುಂದೆ ಹಳೆಯದಿಡುವ ಹೆಂಡತಿ. ಇವರಿಬ್ಬರ ಸಂಸಾರ ಇಷ್ಟು ವರ್ಷ ಹೇಗೆ ನಡೆಯಿತು ಎಂದು ಕೇಳಿದರೆ ಹಣ್ಣಿನಣ್ಣನ ತಾಯಿ, ಹಲ್ಲಿಲ್ಲದ ಬಾಯಿ ತುಂಬ ನಕ್ಕು, "ಅವನು ಅಂಗಡೀಲಿ ಇರ್ತಾನೆ, ಅವಳು ಆಸ್ಪತ್ರೇಲಿ ಇರ್ತಾಳೆ, ಅದಕ್ಕೇ ನಡೀತು" ಎನ್ನುತ್ತಿದ್ದಳು.

ಹಳೇದಕ್ಕ ಇದ್ದದ್ದು ಊರಿನ ಸಣ್ಣ ಆಸ್ಪತ್ರೆಯಲ್ಲಿ. ಹಿಂಬದಿಯಲ್ಲಿ, ಒಂದು ಕಾಲಕ್ಕೆ ಹಾಸಿಗೆ ಬಟ್ಟೆ ಒಗೆಯುತ್ತಿದ್ದ ಕೋಣೆ ಅವಳ ಸಾಮ್ರಾಜ್ಯ. ಬಾಗಿಲ ಮೇಲೆ 'ತುರ್ತು ಉಗ್ರಾಣ' ಎಂಬ ಬೋರ್ಡು. ಒಳಗೆ ಕಬ್ಬಿಣದ ರ‍್ಯಾಕುಗಳು, ಗೋಡೆಯ ತೇವ ತಾಗದಂತೆ ಮರದ ಹಲಗೆಗಳ ಮೇಲೆ ಕೂತ ರಟ್ಟಿನ ಪೆಟ್ಟಿಗೆಗಳು, ಮೊಳೆಗೆ ನೇತುಹಾಕಿದ ಉಷ್ಣಮಾಪಕ, ಮೂಲೆಯಲ್ಲಿ ಗೊಣಗುವ ಫ್ರಿಜ್ಜು, ಅದರ ಮೇಲೆ 'ಊಟದ ಡಬ್ಬಿ ಇಟ್ಟವರ ಊಟ ನಾಯಿಗೆ' ಎಂಬ ರಾಜಾಜ್ಞೆ. ಸಲೈನ್ ಬಾಟಲಿ, ಓ.ಆರ್.ಎಸ್. ಪೊಟ್ಟಣ, ಕೈಗವಸು, ಮಾಸ್ಕು, ನೀರಿಗೆ ಹಾಕುವ ಕ್ಲೋರಿನ್ ಮಾತ್ರೆ, ಬ್ಯಾಂಡೇಜು. ಇವೆಲ್ಲ ಇವತ್ತಿನ ರೋಗಿಗಳಿಗಲ್ಲ. ಎಂದಾದರೂ ಒಂದು ದಿನ ಊರಿಗೆ ಊರೇ ಮಲಗಿದರೆ ಎಂದು ಇಟ್ಟವು.

ಹಾಗೆ ಮಲಗಿದ್ದೂ ಉಂಟು. ಅಕ್ಕ ಆಸ್ಪತ್ರೆಗೆ ಆಯಾ ಕೆಲಸಕ್ಕೆ ಸೇರಿದ ಹೊಸತರಲ್ಲಿ ಊರಿನಲ್ಲಿ ವಾಂತಿಭೇದಿ ಬಂತು. ಔಷಧಿ ಬೇಕಾದಷ್ಟಿತ್ತು, ಆದರೆ ಹೊಳೆಯಾಚೆಗೆ. ಹೊಳೆ ತುಂಬಿ ಹರಿಯುತ್ತಿತ್ತು. ಈಚೆ ದಡದಲ್ಲಿ ನಿಂತವರಿಗೆ ಆಚೆ ದಡದ ಲಾರಿಯ ಬಣ್ಣ ಕೂಡ ಕಾಣುತ್ತಿತ್ತಂತೆ. ಬೆಂಕಿ ಬಿದ್ದಾಗ ಬಾವಿ ತೋಡುವುದು ತಪ್ಪು ಎಂದು ಎಲ್ಲರಿಗೂ ಗೊತ್ತು; ತೋಡಿದ ಬಾವಿ ಪಕ್ಕದೂರಿನಲ್ಲಿದ್ದರೂ ಅಷ್ಟೇ ತಪ್ಪು ಎಂದು ಊರಿಗೆ ಅವತ್ತು ಗೊತ್ತಾಯಿತು. ನೀರಿಳಿದ ಮೇಲೆ ಈ ಕೋಣೆ ಹುಟ್ಟಿತು. ಬೀಗದ ಕೈ ಅಕ್ಕನ ಸೊಂಟಕ್ಕೆ ಬಂತು.

ಕಾಯುವ ಸಾಮಾನಿಗೆ ದೊಡ್ಡ ಶತ್ರು ಇಲಿಯಲ್ಲ, ಗೆದ್ದಲಲ್ಲ, ಕಾಯುವಿಕೆಯೇ. ಬಾರದ ಕಷ್ಟಕ್ಕೆ ಕಾದು ಕಾದು ಔಷಧಿ ಕೂತಲ್ಲೇ ಮುದಿಯಾಗುತ್ತದೆ. ಕಷ್ಟ ಬಂದ ದಿನ ನೋಡಿದರೆ ತಾರೀಖು ಮುಗಿದಿರುತ್ತದೆ. ಅದಕ್ಕೆ ಅಕ್ಕನ ಉಪಾಯ ಬ್ರೆಡ್ಡಿನದೇ. ಆಸ್ಪತ್ರೆಗೆ ಹೊಸ ಪೆಟ್ಟಿಗೆ ಬಂದರೆ ಅದು ಮೊದಲು ಉಗ್ರಾಣದ ಹಿಂದಿನ ಸಾಲಿಗೆ ಹೋಗಬೇಕು. ಮುಂದಿನ ಸಾಲಿನ ಹಳೆಯದು, ಗಡುವು ಇನ್ನೂ ಇರುವಾಗಲೇ, ದಿನದ ರೋಗಿಗಳಿಗೆ ಹೋಗಬೇಕು. ಹಾಗಾಗಿ ಉಗ್ರಾಣ ಸದಾ ತುಂಬಿರುತ್ತಿತ್ತು, ಆದರೆ ಒಳಗಿನ ಸಾಮಾನು ಹೊಳೆಯ ನೀರಿನ ಹಾಗೆ ಹರಿಯುತ್ತಲೇ ಇರುತ್ತಿತ್ತು. ಇಪ್ಪತ್ತು ವರ್ಷ ಆ ಕೋಣೆಯಲ್ಲಿ ಏನೂ ನಡೆಯಲಿಲ್ಲ. ಏನೂ ನಡೆಯದಂತೆ ನೋಡಿಕೊಳ್ಳುವುದೂ ಒಂದು ಕೆಲಸ ಎಂದು ಜನಕ್ಕೆ ಹೇಳಿ ಒಪ್ಪಿಸುವುದು ಕಷ್ಟ. ಹೊಗಳುವವರಿಗೆ ಏನಾದರೂ ನಡೆದಿರಬೇಕು.

ಒಂದು ದಿನ ಅಕ್ಕ ಟೀಗೆ ಎರಡೆರಡು ಸಲ ಸಕ್ಕರೆ ಹಾಕಿದಳು. ಹಣ್ಣಿನಣ್ಣ ಅವಳ ಮುಖ ನೋಡಿದ.

"ಏನಾಯ್ತೇ?"

"ನಾಳೆ ಬೆಳಿಗ್ಗೆ ದೊಡ್ಡ ಕಚೇರಿಯಿಂದ ಸಾಹೇಬ್ರು ಬರ್ತಾರಂತೆ. ಸಣ್ಣೂರಿನ ಉಗ್ರಾಣ ಎಲ್ಲಾ ಮುಚ್ಚಿ ನಗರದಲ್ಲಿ ಒಂದೇ ದೊಡ್ಡದು ಮಾಡೋ ಆಲೋಚನೆ. ನಮ್ಮದು ಇರ್ಬೇಕೋ ಬೇಡ್ವೋ, ನೋಡಿ ಹೇಳ್ತಾರಂತೆ."

"ಇಷ್ಟೇನಾ! ನೋಡಿದ್ರೆ ಬೇಡ ಅನ್ನೋ ಹಾಗೇ ಇರಲ್ಲ ಬಿಡು."

ಹಾಗೆ ಹೇಳಿದವನ ತಲೆಗೆ ಆ ಕ್ಷಣವೇ ಒಂದು ಹುಳ ಹೊಕ್ಕಿತು. ಆ ಕೋಣೆ ಹೋದರೆ ಇವಳು ಏನಾದಾಳು? ಪೆಟ್ಟಿಗೆ ಎತ್ತಿಡಲು ಎಷ್ಟೋ ಸಲ ಅಲ್ಲಿಗೆ ಹೋಗಿದ್ದ. ಒಳಗೆ ಕಾಲಿಟ್ಟರೆ ಮೊದಲು ಕಾಣುವುದೇ ಬಣ್ಣ ಮಾಸಿದ, ಮೂಲೆ ನಜ್ಜಾದ ಪೆಟ್ಟಿಗೆಗಳು. ಇಂಥ ಅಂಗಡಿಗೆ ಯಾವ ಗಿರಾಕಿ ಬಂದಾನು?

ಆ ಮಧ್ಯಾಹ್ನ ಧೂಳು ಹೊಡೆಯಲು ಅವನೂ ಅಕ್ಕನ ಜೊತೆ ಹೋದ. ಅಷ್ಟರಲ್ಲಿ ಡಾಕ್ಟರಮ್ಮ ಬಾಗಿಲಲ್ಲಿ ಇಣುಕಿದಳು. ಚಿಕ್ಕ ವಯಸ್ಸಿನ, ಚುರುಕು ನಾಲಿಗೆಯ ಹೆಣ್ಣುಮಗಳು. ಆಸ್ಪತ್ರೆಗೆ ಅವಳೊಬ್ಬಳೇ ಡಾಕ್ಟರು. "ಅಕ್ಕಾ, ಶಾಲೇಲಿ ಲಸಿಕೆ ಹಾಕೋರಿಗೆ ಐಸ್ ಪೆಟ್ಟಿಗೆ ಬೇಕಂತೆ. ನೀವೇ ಹೋಗಿ, ಬೇರೆಯವರ ಕೈಗೆ ಕೊಟ್ರೆ ಅದ್ರಲ್ಲಿ ಶರಬತ್ತು ಮಾಡ್ಕೊಂಡು ಕುಡೀತಾರೆ."

ಅಕ್ಕ ಬೀಗದ ಕೈಯನ್ನು ಗಂಡನಿಗೆ ಕೊಟ್ಟಳು. "ಗುಡಿಸಿ, ಒರೆಸಿ, ಬೀಗ ಹಾಕ್ಕೊಂಡು ಬನ್ನಿ. ಬೇರೇನೂ ಮುಟ್ಟಬೇಡಿ."

"ನನ್ನನ್ನೇನು ಮಗು ಅಂದ್ಕೊಂಡ್ಯಾ?"

"ಮಗು ಆಗಿದ್ರೆ ಮಲಗಿಸಿ ಹೋಗ್ತಿದ್ದೆ."

ಅವಳು ಹೋದಳು. ಹಣ್ಣಿನಣ್ಣ ಗುಡಿಸಿದ, ಒರೆಸಿದ, ಸೊಂಟದ ಮೇಲೆ ಕೈಯಿಟ್ಟು ನಿಂತ. ಆ ಮಾಸಲು ಪೆಟ್ಟಿಗೆಗಳು ಅವನನ್ನು ನೋಡಿದವು, ಅವನು ಅವುಗಳನ್ನು ನೋಡಿದ. ಮೂವತ್ತು ವರ್ಷದ ವಿದ್ಯೆ ಕೈಬೆರಳ ತುದಿಯಲ್ಲಿ ತುರಿಸತೊಡಗಿತು. ಯುದ್ಧಕ್ಕೆ ಹೊರಟ ವೀರನಂತೆ ತೋಳು ಮಡಿಚಿದ. ಕತ್ತಲಾಗುವಷ್ಟರಲ್ಲಿ ಆ ಕೋಣೆಯ ಇತಿಹಾಸ ತಲೆಕೆಳಗಾಗಿತ್ತು. ಹಿಂದೆ ಅವಿತಿದ್ದ ಹೊಚ್ಚಹೊಸ ಪೆಟ್ಟಿಗೆಗಳೆಲ್ಲ ಮೆರವಣಿಗೆಯಲ್ಲಿ ಮುಂದಕ್ಕೆ ಬಂದವು. ಹಳೆಯವು ನಾಚಿಕೆಯಿಂದ ಗೋಡೆಗೆ ಒರಗಿದವು. ಹೊಸ ಸಲೈನ್ ಬಾಟಲಿಗಳನ್ನು ಬಟ್ಟೆಯಿಂದ ಒರೆಸಿ, ಹೆಸರಿನ ಚೀಟಿ ಬಾಗಿಲಿಗೆ ಕಾಣುವಂತೆ ತಿರುಗಿಸಿ, ಸಾಲುಗಟ್ಟಿಸಿದ. ಓ.ಆರ್.ಎಸ್. ಪೊಟ್ಟಣಗಳ ಗೋಪುರ ಕಟ್ಟಿದ. ನೆತ್ತಿಯ ಮೇಲೆ ಇಡಲು ಎಲೆ ಸಿಗದೆ ಒಂದು ಕೈಗವಸನ್ನು ಊದಿ ಕೂರಿಸಿದ. ಸ್ವಲ್ಪ ಅತಿಯಾಯಿತು ಅನ್ನಿಸಿ ತೆಗೆದ.

"ನಾಳೆ ನೋಡು" ಎಂದಷ್ಟೇ ಹೆಂಡತಿಗೆ ಹೇಳಿ, ಯುದ್ಧ ಗೆದ್ದವನಂತೆ ಮಲಗಿದ.

ಸಾಹೇಬರು ಸೌಮ್ಯ ಮನುಷ್ಯರು. ಅವರ ಮಾತಿನಲ್ಲೂ ಹುರುಳಿತ್ತು. ಎಷ್ಟೋ ಊರಿನ ಉಗ್ರಾಣಗಳಲ್ಲಿ ಮಾಸ್ಕಿನ ಪೆಟ್ಟಿಗೆಯೊಳಗೆ ಇಲಿ ಮರಿ ಹಾಕಿದ್ದನ್ನು, ತಾರೀಖು ಮುಗಿದ ಔಷಧಿಯ ಮೇಲೆ ಜೇಡ ಸಂಸಾರ ಹೂಡಿದ್ದನ್ನು ಅವರು ಕಣ್ಣಾರೆ ಕಂಡು ಬಂದಿದ್ದರು. ಹಾಗಾಗಿ ಅಕ್ಕ ಬಾಗಿಲು ತೆರೆದಾಗ ಅವರ ಮುಖ ಅರಳಿತು. ಅಕ್ಕನ ಮುಖ ಬೂದಿ ಬಣ್ಣಕ್ಕೆ ತಿರುಗಿತು. ಹಿಂದೆ ನಿಂತಿದ್ದ ಹಣ್ಣಿನಣ್ಣನಿಗೆ ಕಂಡದ್ದು ಸಾಹೇಬರ ಮುಖ ಮಾತ್ರ.

"ಭೇಷ್! ಎಲ್ಲಾ ಹೊಚ್ಚಹೊಸ ಮಾಲು!" ಸಾಹೇಬರು ಒಂದು ಬಾಟಲಿ ಎತ್ತಿ ಬೆಳಕಿಗೆ ಹಿಡಿದರು. "ಇಷ್ಟೂ ಸುಮ್ನೆ ಕೂತಿದೆಯಲ್ಲ ಇಲ್ಲಿ. ನಗರದ ಆಸ್ಪತ್ರೇಲಿ ಇದಕ್ಕೆ ದಿನಾ ಪರದಾಡ್ತಾರೆ. ಹಿಂದಿರೋದೇನು?"

"ಹಳೇದು ಸಾರ್. ಆದ್ರೆ ಅದು ಮುಂದಿರ್ಬೇಕಾದ್ದು..." ಅಕ್ಕ ಮುಗಿಸುವ ಮೊದಲೇ ಸಾಹೇಬರು ಬಾಟಲಿ ಕೆಳಗಿಟ್ಟರು.

"ಹಳೇದು ಇಲ್ಲೇ ಇರಲಿ, ತಾರೀಖು ಮುಗಿಯೋವರೆಗೆ ಬಳಸ್ಕೊಳ್ಳಿ. ಆಮೇಲೆ ಕೋಣೆ ಮುಚ್ಚಬಹುದು. ಈ ಹೊಸದನ್ನ ನಾಳೆ ಲಾರಿ ಕಳಿಸಿ ತಗೊಂಡು ಹೋಗ್ತೀವಿ."

ಡಾಕ್ಟರಮ್ಮ ನಡುವೆ ಬಂದಳು. "ಸಾರ್, ಮಳೆಗಾಲದಲ್ಲಿ ಹೊಳೆ ತುಂಬಿದ್ರೆ ನಮ್ಮ ಕಥೆ ಏನು?"

"ಆ ಕಾಲ ಹೋಯ್ತಮ್ಮ. ಈಗ ಹೊಸ ಸೇತುವೆ ಇದೆ. ಒಂದು ಫೋನು ಮಾಡಿ, ಮಧ್ಯಾಹ್ನದೊಳಗೆ ಲಾರಿ ನಿಮ್ಮ ಬಾಗಿಲಲ್ಲಿ."

ಮಾರನೆಯ ದಿನ ಲಾರಿ ಬಂತು. ಮುಂದಿನ ಸಾಲುಗಳೆಲ್ಲ ಅದರ ಹೊಟ್ಟೆ ಸೇರಿದವು. ಹಣ್ಣಿನಣ್ಣ ಕಾಂಪೌಂಡಿನ ಪಕ್ಕ ಕಂಬದಂತೆ ನಿಂತು ನೋಡಿದ. ಜೀವಮಾನದಲ್ಲಿ ಅವನು ಜೋಡಿಸಿದ ಮಾಲು ಇಷ್ಟು ಬೇಗ ಖಾಲಿಯಾಗಿರಲಿಲ್ಲ.

ಆ ಸಂಜೆ ಅಕ್ಕ ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ. ನಿನ್ನೆಯ ಬ್ರೆಡ್ಡನ್ನು ಕತ್ತರಿಸುತ್ತಾ ಕೇಳಿದಳು.

"ರೀ, ನಿಮ್ಮ ಅಂಗಡೀಲಿ ಮುಂದಿಟ್ಟಿದ್ದನ್ನ ಜನ ಏನು ಮಾಡ್ತಾರೆ?"

"ಕೊಂಡ್ಕೊಂಡು ಹೋಗ್ತಾರೆ."

"ಹ್ಞೂಂ" ಎಂದಳು, ಅಷ್ಟೇ.

ಮೂಲೆಯಿಂದ ಅವನ ತಾಯಿ ಬಿಡಲಿಲ್ಲ. "ನಿಮ್ಮಪ್ಪನೂ ಹೀಗೇ ಕಣೋ. ಸೋರ್ತಿದ್ದ ಸೂರು ಸರಿ ಮಾಡ್ತೀನಿ ಅಂತ ಹತ್ತಿ, ಸೂರಿನ ಸಮೇತ ಕೆಳಗೆ ಬಂದಿದ್ರು."

ಮರುದಿನ ಹಣ್ಣಿನಣ್ಣ ಏನೋ ನೆಪ ಮಾಡಿಕೊಂಡು ಆಸ್ಪತ್ರೆಯ ಹಿಂದಿನ ಕಿಟಕಿಯಲ್ಲಿ ಇಣುಕಿದ. ಅರೆ ಖಾಲಿಯಾದ ಕೋಣೆಯಲ್ಲಿ ಅಕ್ಕ ಒಬ್ಬಳೇ ಇದ್ದಳು. ಉಳಿದ ಹಳೆಯ ಪೆಟ್ಟಿಗೆಗಳನ್ನು ಗೋಡೆಯ ಬದಿಯಿಂದ ಮುಂದಕ್ಕೆ ಎಳೆದು, ತಾರೀಖು ನೋಡಿ, ಅದರಲ್ಲೂ ಹೆಚ್ಚು ಹಳೆಯದನ್ನು ಎಲ್ಲಕ್ಕಿಂತ ಮುಂದಿಡುತ್ತಿದ್ದಳು. ಹಿಂದಿಡಲು ಏನೂ ಇರಲಿಲ್ಲ. ಆದರೂ ಹಿಂದಿನ ಜಾಗವನ್ನು ಒರೆಸಿ, ಖಾಲಿ ಬಿಟ್ಟಿದ್ದಳು. ಊಟಕ್ಕೆ ಬಾರದವನಿಗೂ ತಟ್ಟೆ ಹಾಕಿಡುವ ಹಾಗೆ. ಇನ್ನು ಕೆಲವು ವಾರದಲ್ಲಿ ಮುಚ್ಚಲಿರುವ ಕೋಣೆ. ಹಣ್ಣಿನಣ್ಣ ಕೆಮ್ಮದೆ, ಸದ್ದು ಮಾಡದೆ ಅಂಗಡಿಗೆ ಮರಳಿದ. ಅವತ್ತು ಅವನ ಸೇಬುಗಳಿಗೆ ಒರೆಸಿಕೊಳ್ಳುವ ಭಾಗ್ಯವಿರಲಿಲ್ಲ.

ಮಳೆ ಬಂತು. ಬಂದದ್ದು ಸುಮ್ಮನೆ ಅಲ್ಲ, ಹಳೆಯ ಸಾಲ ಕೇಳಲು ಬಂದವರ ಹಾಗೆ ಬಂದು ಬಾಗಿಲಲ್ಲೇ ಕೂತುಬಿಟ್ಟಿತು. ಕೆಳಗಿನ ಬೀದಿಯ ಚರಂಡಿ ಉಕ್ಕಿತು. ನೆಲದೊಳಗೆ ಎಲ್ಲೋ ಕುಡಿಯುವ ನೀರಿನ ಕೊಳವೆ ಬಿರುಕು ಬಿಟ್ಟಿತ್ತು. ಎರಡೂ ನೀರು ಗುಟ್ಟಾಗಿ ನೆಂಟಸ್ತಿಕೆ ಬೆಳೆಸಿದವು. ಮೊದಲು ದರ್ಜಿಯ ಮನೆಯವರು ಹೊಟ್ಟೆ ಹಿಡಿದುಕೊಂಡು ಆಸ್ಪತ್ರೆಗೆ ಬಂದರು, ಆಮೇಲೆ ಬೇಕರಿಯವನು, ಆಮೇಲೆ ಬೀದಿಗೆ ಬೀದಿಯೇ. ಬೆಂಚು ತುಂಬಿತು, ನೆಲ ತುಂಬಿತು.

ಡಾಕ್ಟರಮ್ಮ ಫೋನು ಮಾಡಿದಳು. ಸಾಹೇಬರು ಮಾತಿಗೆ ತಪ್ಪಲಿಲ್ಲ, ಲಾರಿ ಆಗಿಂದಾಗಲೇ ಹೊರಟಿತು. ಹೊಸ ಸೇತುವೆಯೂ ಮಾತಿಗೆ ತಪ್ಪಲಿಲ್ಲ, ಹೊಳೆಯ ನಡುವೆ ಗಟ್ಟಿಯಾಗಿ ನಿಂತಿತ್ತು. ಅದಕ್ಕೆ ಹತ್ತುವ ರಸ್ತೆಯನ್ನು ಮಾತ್ರ ಹೊಳೆ ನುಂಗಿತ್ತು. ಈಚೆ ದಡದಲ್ಲಿ ನಿಂತವರಿಗೆ ಆಚೆ ದಡದ ಲಾರಿಯ ಬಣ್ಣ ಮತ್ತೆ ಕಾಣಿಸಿತು.

ಆ ಮಧ್ಯಾಹ್ನ ಹಣ್ಣಿನಣ್ಣ ತನ್ನ ತಾಯಿಯನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿಬಂದ. ದಿನವಿಡೀ ಬೈಯುತ್ತಿದ್ದ ಬಾಯಿ ಸುಮ್ಮನಾಗಿತ್ತು. ಅದೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ಭಯ ತಂದಿತ್ತು. ಕಣ್ಣು ಗುಳಿಬಿದ್ದಿತ್ತು, ಚರ್ಮ ಚಿವುಟಿದರೆ ಚಿವುಟಿದ ಹಾಗೇ ನಿಲ್ಲುತ್ತಿತ್ತು. ಅಕ್ಕ ಉಗ್ರಾಣದಿಂದ ಒಂದು ಬಾಟಲಿ ತಂದು ಡಾಕ್ಟರಮ್ಮನ ಕೈಗೆ ಕೊಟ್ಟಳು. ಸೂಜಿ ನರ ಹುಡುಕಿಕೊಂಡಿತು. ಬಾಟಲಿ ತಲೆಕೆಳಗಾಗಿ ಕಂಬಿಗೆ ತೂಗಿತು. ಹನಿ ಬೀಳತೊಡಗಿತು.

ಹಣ್ಣಿನಣ್ಣ ಕತ್ತು ಓರೆ ಮಾಡಿ ಬಾಟಲಿಯ ಮೇಲಿನ ತಾರೀಖು ಓದಿದ. ಬರುವ ತಿಂಗಳ ಕೊನೆಗೆ ಮುಗಿಯುವಂಥದು. ಮೂಲೆ ನಜ್ಜಾದ ಪೆಟ್ಟಿಗೆಯದು. ಸಾಹೇಬರ ಕಣ್ಣಿಗೆ ಬೀಳಬಾರದೆಂದು ತಾನೇ ಹೊಟ್ಟೆಗೆ ಒತ್ತಿ ಹಿಡಿದು ಗೋಡೆಯವರೆಗೆ ತಳ್ಳಿದ್ದ ಪೆಟ್ಟಿಗೆ. ಒಂದೊಂದು ಹನಿಯೂ ಅವನ ತಲೆಯ ಮೇಲೇ ಬೀಳುತ್ತಿರುವಂತೆ ಅನ್ನಿಸಿತು.

"ಎಷ್ಟಿದೆ ಇನ್ನೂ?" ಎಂದು ಕೇಳಿದ, ದನಿ ತಗ್ಗಿಸಿ.

"ತೀರಾ ಸೋತವರಿಗೆ ಮಾತ್ರ ಬಾಟಲಿ ಹಾಕಿದ್ರೆ ಸಾಕಾಗಬಹುದು" ಎಂದಳು ಅಕ್ಕ. "ಕುಡಿಯೋ ಶಕ್ತಿ ಇರೋರಿಗೆಲ್ಲ ಪೊಟ್ಟಣದ ನೀರು ಕುಡಿಸ್ಬೇಕು. ಆದ್ರೆ ಎಲ್ಲರೂ ಇಲ್ಲೇ ಬಂದು ಬಿದ್ರೆ ಕುಡಿಸೋರು ಯಾರು? ಜಾಗ ಎಲ್ಲಿ?"

"ನನ್ನ ಅಂಗಡಿ ಇದೆಯಲ್ಲ."

ಡಾಕ್ಟರಮ್ಮ ತಿರುಗಿ ನೋಡಿದಳು. "ಅಣ್ಣಾ, ಒಂದು ಪೊಟ್ಟಣ, ಒಂದು ಲೀಟರ್ ಕುದಿಸಿ ಆರಿಸಿದ ನೀರು. ಗುಟುಕು ಗುಟುಕಾಗಿ ಕುಡೀಬೇಕು. ಹೆಚ್ಚೂ ಬೇಡ, ಕಡಿಮೇನೂ ಬೇಡ. ಆಗುತ್ತಾ?"

"ಜನಕ್ಕೆ ಬೇಡದ್ದನ್ನೇ ಕೊಳ್ಳೋ ಹಾಗೆ ಮಾಡಿದವನು ನಾನು. ಬೇಕಾದ್ದನ್ನ ಕುಡಿಸೋಕೆ ಆಗಲ್ವಾ?"

ಹಾಗೆ ಹಣ್ಣಿನಂಗಡಿ ಆಸ್ಪತ್ರೆಯ ತಮ್ಮನಾಯಿತು. ಸೇಬು ಕಿತ್ತಳೆಗಳು ಹಿಂದಿನ ಕತ್ತಲಿಗೆ ಹೋದವು. ಮುಂದಿನ ಹಲಗೆಯ ಮೇಲೆ ಕುದಿಸಿದ ನೀರಿನ ಪಾತ್ರೆಗಳು, ಪೊಟ್ಟಣಗಳು. ಯಾರೂ ಹೇಳಿಕೊಡದೆ, ಹಳೆಯ ತಾರೀಖಿನವು ಮುಂದೆ. ಹಣ್ಣಿನಣ್ಣ ಎದ್ದು ನಿಂತು ಕೂಗಿದ: "ಬನ್ನಿ ಬನ್ನಿ! ಇವತ್ತು ಒಂದೇ ಮಾಲು! ಉಪ್ಪೂ ಇದೆ, ಸಿಹಿಯೂ ಇದೆ, ರುಚಿ ಮಾತ್ರ ಇಲ್ಲ! ಏ ದರ್ಜಿಯಣ್ಣ, ಗಟಗಟ ಅಲ್ಲ, ಗುಟುಕು! ಬಟ್ಟೆ ಹೊಲಿಯೋ ಹಾಗೆ ಒಂದೊಂದೇ ಹೊಲಿಗೆ!" ಹೊಟ್ಟೆ ಹಿಡಿದುಕೊಂಡವರೂ ನಕ್ಕರು. ನಗುತ್ತಾ ಕುಡಿದರು. ಕುಡಿದು ಮನೆಗೆ ಹೋಗಿ, ಮನೆಯವರನ್ನು ಕರೆತಂದರು. ಕುಡಿದದ್ದು ಹೊಟ್ಟೆಯಲ್ಲಿ ನಿಲ್ಲದವರನ್ನು ಮಾತ್ರ ಅವನು ಕೈಗಾಡಿಯಲ್ಲಿ ಮಲಗಿಸಿ ಆಸ್ಪತ್ರೆಗೆ ಕಳಿಸಿದ.

ಉಗ್ರಾಣದ ಕೊನೆಯ ಪೆಟ್ಟಿಗೆಯ ತಳ ಕಾಣುವ ಹೊತ್ತಿಗೆ ಹೊಳೆ ಸ್ವಲ್ಪ ತಗ್ಗಿತು. ಲಾರಿಯ ಮಾಲು ದೋಣಿಯಲ್ಲಿ ಬಂತು. ಪೆಟ್ಟಿಗೆಗಳ ಮೇಲೆ, ಮೊಣಕಾಲವರೆಗೆ ಒದ್ದೆಯಾದ ಪ್ಯಾಂಟಿನಲ್ಲಿ, ಸಾಹೇಬರೇ ಕೂತು ಬಂದರು. ಹೊಚ್ಚಹೊಸ ಪೆಟ್ಟಿಗೆಗಳು, ಹೆಸರಿನ ಚೀಟಿಗಳು ಹೊಳೆಯುತ್ತಿದ್ದವು. ಹಣ್ಣಿನಣ್ಣನಿಗೆ ಒಂದೊಂದರ ಪರಿಚಯವೂ ಇತ್ತು.

ಸಾಹೇಬರು ಖಾಲಿ ರ‍್ಯಾಕುಗಳ ನಡುವೆ ಒಂದು ಸುತ್ತು ಹಾಕಿದರು. ಊರಿನಲ್ಲಿ ಒಬ್ಬರೂ ಸತ್ತಿರಲಿಲ್ಲ. "ನಗರದಲ್ಲೂ ಇರ್ಬೇಕು, ಇಲ್ಲೂ ಇರ್ಬೇಕು" ಎಂದರು ಕೊನೆಗೆ. "ಈ ಕೋಣೆ ಮುಚ್ಚೋ ಮಾತು ಬೇಡ. ಒಂದು ಕೇಳ್ತೀನಮ್ಮ. ಹಿಂದಿದ್ದ ಹಳೇದಷ್ಟನ್ನೂ ತಾರೀಖು ಮುಗಿಯದ ಹಾಗೆ ಕಾಪಾಡಿದ್ದೀರಿ. ಮತ್ತೆ ಅವತ್ತು ಹೊಸದನ್ನ ಮುಂದಿಟ್ಟವರು ಯಾರು?"

ಹಣ್ಣಿನಣ್ಣ ತನ್ನ ಚಪ್ಪಲಿಯ ಉಂಗುಷ್ಠದ ಬಗ್ಗೆ ಆಳವಾಗಿ ಯೋಚಿಸತೊಡಗಿದ.

"ನಮ್ಮಲ್ಲಿ ಕೇಳದೇ ಸಹಾಯ ಮಾಡೋರು ಒಬ್ರಿದ್ದಾರೆ ಸಾರ್" ಎಂದಳು ಅಕ್ಕ. "ಕೇಳಿದ್ರೆ ಇನ್ನೂ ಚೆನ್ನಾಗಿ ಮಾಡ್ತಾರೆ, ಈಗ ಗೊತ್ತಾಯ್ತು."

ಆಚೆ ವಾರ್ಡಿನಲ್ಲಿ ಅತ್ತೆ ಮಂಚದ ಮೇಲೆ ಎದ್ದು ಕೂತಿದ್ದಳು. ಬಾಯಿಗೆ ಜೀವ ಬಂದಿತ್ತು. "ಏನೇ, ಹಳೇದು ಮೊದಲು ಅಂತ ನನ್ನನ್ನೇ ಮೊದಲು ಕಳಿಸ್ಬಿಡೋಣ ಅಂದ್ಕೊಂಡಿದ್ಯಾ?"

"ನಿಮ್ಮ ಮೇಲೆ ತಾರೀಖೇ ಹಾಕಿಲ್ಲ ಅತ್ತೆ, ಎಲ್ಲಿ ಜೋಡಿಸ್ಲಿ?"

ಅತ್ತೆ ಮನೆಗೆ ಬಂದ ಬೆಳಿಗ್ಗೆ, ಅಷ್ಟು ದಿನ ಆಳು ಉರಿಸಿದ್ದ ಬೇಕರಿಯ ಒಲೆಗೆ ಬೇಕರಿಯವನು ಮರಳಿದ. ಅಷ್ಟರಲ್ಲಿ ಅಕ್ಕನ ಕೀರ್ತಿ ಬೀದಿಯಲ್ಲಿ ಬೆಟ್ಟದಷ್ಟು ಬೆಳೆದಿತ್ತು. ಅವಳಿಗೆ ಮೊದಲೇ ಕನಸು ಬಿದ್ದಿತ್ತು ಎಂದು ದರ್ಜಿ. ಹೊಳೆ ಉಕ್ಕುವುದು ಅವಳ ಎಡ ಮಂಡಿಗೆ ಗೊತ್ತಾಗುತ್ತದೆ ಎಂದು ಇನ್ನೊಬ್ಬರು. ಎಲ್ಲರಿಗಿಂತ ದೊಡ್ಡ ಭಕ್ತ ಹಣ್ಣಿನಣ್ಣನೇ. ಹಬೆಯಾಡುವ ಬ್ರೆಡ್ಡನ್ನು ಎರಡೂ ಕೈಯಲ್ಲಿ ಹಿಡಿದು ಬೀದಿ ದಾಟಿ ಬಂದ. ಹಿಂದೆ ಬೇಕರಿಯವನೂ, ದರ್ಜಿಯೂ, ದಾರಿಯಲ್ಲಿ ಸಿಕ್ಕ ನಾಯಿಯೂ ಬಂದರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡ.

"ಇಷ್ಟು ವರ್ಷ ನನಗೆ ಅರ್ಥ ಆಗಿರಲಿಲ್ಲ ಕಣೇ. ಆಸ್ಪತ್ರೆಯ ನಿಯಮ ಕೈಗೆ ಮರೆತುಹೋಗಬಾರದು ಅಂತ ನೀನು ಮನೇಲೂ ಅದನ್ನೇ ಸಾಧನೆ ಮಾಡಿದೆ. ಬಿಸಿ ಬ್ರೆಡ್ಡಿನ ಆಸೆ ಬಿಟ್ಟೆ. ನಮ್ಮೆಲ್ಲರಿಗೂ ಬಿಡಿಸಿದೆ. ಅದು ತಪಸ್ಸು. ಇವತ್ತಿಂದ ಈ ಬ್ರೆಡ್ಡನ್ನ ನಾನೇ ಹಿಂದಿಡ್ತೀನಿ."

ಅಕ್ಕ ನಿನ್ನೆಯ ಬ್ರೆಡ್ಡಿನ ತುಂಡನ್ನು ಟೀಯಲ್ಲಿ ಅದ್ದಿ, ಅದು ಕಳಚಿ ಬೀಳುವ ಮೊದಲು ಬಾಯಿಗೆ ಹಾಕಿಕೊಂಡಳು.

"ತಪಸ್ಸೂ ಇಲ್ಲ, ಮಣ್ಣೂ ಇಲ್ಲ. ಮದುವೆಯಾದ ಮಾರನೇ ದಿನ ನೀವು ಒಂದು ಬ್ರೆಡ್ಡು ಜಾಸ್ತಿ ತಂದ್ರಿ, ಅದು ಉಳೀತು. ಅವತ್ತಿಂದ ಒಂದು ದಿನಾನೂ ತಪ್ಪದೆ ತರ್ತಾನೇ ಇದ್ದೀರಿ. ಒಂದು ದಿನ ತರದೆ ಇದ್ದಿದ್ರೆ ಆಗಿತ್ತು."